ಬಾಯಾರ ಮೋಟಾರಿನ ನೀಲಿ ಹೊಗೆ

ಪೆಟ್ರೋಲು ಗ್ಯಾಲನ್ನಿಗೆ ಎರಡೂವರೆ ರೂಪಾಯಿ. ಜಮಖಂಡಿಯಿಂದ ಕುಡಚಿ ಸ್ಟೇಶನ್ನಿಗೆ ಹೋಗಿಬರಲು ಎರಡು ಗ್ಯಾಲನ್ ಸಾಕು. ನಾಲ್ಕು ಮಂದಿಯನ್ನು ಬಾಡಿಗೆಗೆ ಕೂಡಿಸಿಕೊಂಡರೆ ತಲೆಗೆ ಎರಡು ರೂಪಾಯಿ, ಬರುವಾಗ ಮತ್ತೆ ಅಷ್ಟೇ. ಹೀಗೆ ಲೆಕ್ಕ ಹಾಕುತ್ತಿದ್ದ ಡ್ರೈವರ್ ಮಹಾಲಿಂಗಪ್ಪನ ಸಂಬಳ ತಿಂಗಳಿಗೆ ನಲವತ್ತು.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಮೇಲೆ ಊರಿನವರಿಗೆಲ್ಲ ಎಲ್ಲಿಗಾದರೂ ಹೋಗುವ ಕೆಲಸವಿತ್ತು. ಅವನು ನಡೆಸುವ ಮೋಟಾರು ಮಾತ್ರ ವಾರಕ್ಕೊಮ್ಮೆ ಗುಡಿಗೆ ಹೋಗಿಬಂದು ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಅದು ತೀರಿಕೊಂಡ ವಕೀಲರದು; ಈಗ ಅವನು ಬಾಯಾರು ಎಂದು ಕರೆಯುವ ಅವರ ಹೆಂಡತಿ ಮಥುರಾಬಾಯಿಯದು. ಕೊಳ್ಳಬೇಕೆಂದರೆ ಮೂರು ಸಾವಿರ. ಕೆಟ್ಟದ್ದಾದರೆ ಐನೂರು.

ಕೆಡಿಸಬೇಕಾಗಿರಲಿಲ್ಲ, ಕೆಟ್ಟಂತೆ ಕಂಡರೆ ಸಾಕಿತ್ತು. ಮಹಾಲಿಂಗಪ್ಪ ಹೊಗೆಯ ಬಣ್ಣವನ್ನು ಯೋಚಿಸಿ ಆರಿಸಿದ. ಕಪ್ಪು ಹೊಗೆ ಎಂದರೆ ಪೆಟ್ರೋಲು ಹೆಚ್ಚಾದದ್ದು, ಸ್ಕ್ರೂ ತಿರುಗಿಸಿದರೆ ಹೋಗುತ್ತದೆ. ಬಿಳಿ ಹೊಗೆ ನೀರಿನದು, ಚಳಿಯಲ್ಲಿ ಒಳ್ಳೆಯ ಗಾಡಿಯೂ ಬಿಡುತ್ತದೆ. ನೀಲಿ ಹೊಗೆ ಎಂದರೆ ಪಿಸ್ಟನ್ನಿನ ರಿಂಗುಗಳು ಹೋಗಿ ಎಣ್ಣೆ ಒಳಗೇ ಸುಡುತ್ತಿದೆ ಎಂದರ್ಥ. ಅದರ ರಿಪೇರಿ ಮುಂಬಯಿಯಲ್ಲಿ. ಖರ್ಚು ಗಾಡಿಯ ಬೆಲೆಯನ್ನೇ ನುಂಗುತ್ತದೆ.

ಆದರೆ ನಾಳೆ ತನ್ನದಾಗುವ ಎಂಜಿನ್ನಿಗೆ ಪೆಟ್ಟಾಗಬಾರದು. ಅದಕ್ಕೇ ದೀಪಕ್ಕೆ ಹಾಕುವ ಹರಳೆಣ್ಣೆ ತಂದ. ಹುನ್ನೂರಿನಲ್ಲಿ ಅವನಪ್ಪ ಬಂಡಿಯ ಅಚ್ಚಿಗೆ ಅದನ್ನೇ ಹಚ್ಚುತ್ತಿದ್ದ. ಅಚ್ಚು ಸವೆದದ್ದೇ ಇಲ್ಲ. ಬ್ಯಾಟರಿಯ ಸಲುವಾಗಿ ದಿನಾ ಎಂಜಿನ್ ಶುರುಮಾಡುವುದು ರೂಢಿ. ಆ ಹೊತ್ತಿಗೆ ಕಾರ್ಬೊರೇಟರಿನೊಳಗೆ ಚಮಚ ಚಮಚವಾಗಿ ಬಿಡತೊಡಗಿದ. ಅಂಗಳದ ತುಳಸಿಕಟ್ಟೆ ಕಾಣದಷ್ಟು ನೀಲಿ ಹೊಗೆ ಎದ್ದಿತು.

ಬಾಯಾರು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. “ದೀಪದ ವಾಸನಿ ಬರ್ಲಿಕತ್ತದಲ್ಲೋ ಮಹಾಲಿಂಗ.”

“ಎಂಜಿನ್ನಿಗೆ ಮುಪ್ಪು ಬಂದೈತ್ರೀ ಬಾಯಾರ. ಹಂಗ ಬರತೈತ್ರಿ.”

ಚಳಿಗಾಲ ಕಳೆಯುವಷ್ಟರಲ್ಲಿ ಓಣಿಯವರೇ ಮೋಟಾರು ಮಾರಲು ಹೇಳತೊಡಗಿದರು. ತಾನೇ ಕೊಳ್ಳುತ್ತೇನೆ ಎಂದು ಅವನು ಹೇಳಿದಾಗ ಮಾತ್ರ ಬಾಯಾರು ಒಪ್ಪಲಿಲ್ಲ.

“ಸತ್ತ ಗಾಡಿ ನಿನ್ನ ಕೊರಳಿಗೆ ಕಟ್ಟಲೇನು? ಹೆಂಡತಿ ಮಕ್ಕಳಿದ್ದಾವ. ಬ್ಯಾಡಪ್ಪಾ.”

ವಕೀಲ ಸಾಹೇಬರ ಗಾಡಿ ಗುಜರಿ ಕೊಳ್ಳುವ ಮೋಡಕದವರ ಪಾಲಾಗುವುದನ್ನು ನೋಡಲಾರೆ ಎಂದ. ಬಾಯಾರು ಕಣ್ಣೊರೆಸಿಕೊಂಡು ಐನೂರರಲ್ಲಿ ನೂರು ರೂಪಾಯಿ ತಾವಾಗಿಯೇ ಇಳಿಸಿದರು. ಅವನಿಗೆ ಏನೂ ಅನ್ನಿಸಲಿಲ್ಲ. ಹೆಂಡತಿ ತಾರವ್ವನ ಕೊರಳಿನ ಬಂಗಾರದ ಬೋರಮಾಳ ಮಾರಿ ನಾನೂರು ಕೊಟ್ಟ. ಮೋಟಾರು ಇಲ್ಲದ ಮನೆಗೆ ಡ್ರೈವರ್ ಯಾಕೆ? ಅಂದೇ ನೌಕರಿ ಮುಗಿಯಿತು.

ಮನೆಯ ಮುಂದೆ ಪ್ಲಗ್ಗು ತೊಳೆದ, ಹೊಸ ಆಯಿಲ್ ಹಾಕಿದ, ಶುರುಮಾಡಿದ. ನೀಲಿ ಹೊಗೆ ಬಂತು. ಹಳೆಯದು ಸುಟ್ಟುಹೋಗಲಿ ಎಂದು ಬೀಳಗಿಯ ತನಕ ಓಡಿಸಿದ. ಹೊಗೆ ಇನ್ನೂ ದಟ್ಟವಾಯಿತು.

ಕೊನೆಗೆ ಎಂಜಿನ್ ಬಿಚ್ಚಿದ. ಹರಳೆಣ್ಣೆ ತಣ್ಣಗಿರುವತನಕ ಎಣ್ಣೆ. ದಿನಾ ಬೆಂಕಿಯಲ್ಲಿ ಬೆಂದರೆ ಅರಗು. ರಿಂಗುಗಳು ಕಂದು ಅಂಟಿನಲ್ಲಿ ಹೂತು ಅಲುಗದಾಗಿದ್ದವು. ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಸಿಗುವಷ್ಟು ಗೀರುಗಳು ಬಿದ್ದಿದ್ದವು. ಬಾಯಾರಿಗೆ ಅವನು ಹೇಳಿದ ರೋಗವೇ ಅದು, ರಿಪೇರಿಯೂ ಮುಂಬಯಿಯಲ್ಲೇ. ನೌಕರಿ ಹೋಗಿತ್ತು, ಬೋರಮಾಳ ಹೋಗಿತ್ತು. ಮೋಟಾರು ಅವನದಾಗಿತ್ತು.