ಎರಡು ಹೋಳಾದ ಕಲ್ಲುಮರ

ಒಬ್ಬ ತಂದೆಯ ಸಂಕಟವನ್ನು ಪೊಲೀಸ್ ಕಾಗದಗಳ ಭಾಷೆಯಲ್ಲಿ ಹೇಳಹೊರಟಿರುವುದಕ್ಕೆ ಓದುಗರು ಮನ್ನಿಸಬೇಕು. ಬಲ್ಲವರು ಇನ್ನೂ ಚೆನ್ನಾಗಿ ಹೇಳಿಯಾರು. ಯಾರೂ ಹೇಳದೆ ಹೋದರೆ ಎಂಬ ಅಳುಕಿನಿಂದಷ್ಟೇ ಈ ಬರಹ.

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಅಹಮದಾಬಾದಿನ ವಸ್ತ್ರಾಪುರ ಠಾಣೆಗೆ ವೆಂಕಟಾಚಲ ಎಂಬ ನಿವೃತ್ತ ವಿಜ್ಞಾನಿ ಬಂದರು. ಹಿಂದಿಯಲ್ಲಿ ಶುರುವಾದ ದೂರು ಅರ್ಧಕ್ಕೇ ಕನ್ನಡಕ್ಕೆ ಹೊರಳಿತು. ಠಾಣೆಯಲ್ಲಿ ಕನ್ನಡ ಬಲ್ಲವರು ಇನ್‌ಸ್ಪೆಕ್ಟರ್ ತೃಪ್ತಿ ಒಬ್ಬರೇ. ಅದೂ ಗುಜರಾತಿನಲ್ಲೇ ಹುಟ್ಟಿ ಬೆಳೆದವರ ತಡವರಿಸುವ ಕನ್ನಡ.

“ಏನು ಹೋಗಿದೆ, ಅಂಕಲ್?”

“ಒಂದು ಕಲ್ಲು ಕಣಮ್ಮ. ಮರವೇ ಕಲ್ಲಾಗಿರೋದು. ಪಾಲಿಶ್ ಮಾಡಿಸಿ ಹಾಲ್‌ನಲ್ಲಿ ಷೋಗೆ ಇಟ್ಟಿದ್ವಿ.”

“ಚಿನ್ನ, ದುಡ್ಡು?”

“ಅದೆಲ್ಲ ಇದೆ. ಅದಿದ್ದು ಏನ್ಮಾಡ್ಲಿ?”

“ರಸ್ತೆ ತುಂಬ ಕಲ್ಲು ಬಿದ್ದಿದೆ, ಮೇಡಂ. ಆ ಕಳ್ಳನ ಕಣ್ಣಿಗೆ ಬೀಳಲಿಲ್ಲವೇ?” ಎಂದು ಹೆಡ್ ಕಾನ್‌ಸ್ಟೆಬಲ್ ಜಶುಭಾಯಿ ಗುಜರಾತಿಯಲ್ಲಿ ಗೊಣಗಿದರು. ತೃಪ್ತಿ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು.

ಫ್ಲ್ಯಾಟಿನಲ್ಲಿ ಪಂಚನಾಮೆ ನಡೆಯಿತು. ಹಿಂದಿನ ದಿನ ವೆಂಕಟಾಚಲ ಹೊರಗೆ ಹೋಗಿದ್ದಾಗ ನಡೆದ ಕಳವು; ಬೀಗ ಒಡೆದಿರಲಿಲ್ಲ. ಕೆಲಸದವಳಿಗೆಂದು ಚಪ್ಪಲಿ ಗೂಡಿನ ಹಿಂದೆ ಇಡುವ ಕೀಲಿ ಇದ್ದಲ್ಲೇ ಇತ್ತು. ಗಾಜಿನ ಕಪಾಟಿನಲ್ಲಿ ತೇಗದ ಸ್ಟ್ಯಾಂಡ್ ಮಾತ್ರ ಉಳಿದಿತ್ತು. ಮೇಲೆ ಮಗಳು ಸಮೀಕ್ಷಾಳ ಫೋಟೊ, ಗಂಧದ ಹಾರ. ಹೋದ ವರ್ಷ ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು.

“ಆ ಕಲ್ಲು ಅವಳೇ ಆರಿಸಿದ್ದು. ಒಂದು ಮುಖ ಕನ್ನಡಿ ಥರ, ಜೇನಿನ ಬಣ್ಣದ ಉಂಗುರಗಳು. ಹಿಂದುಗಡೆ ಒರಟು ತೊಗಟೆ. ಉಂಗುರದ ಮೇಲೆ ಬೆರಳಾಡಿಸ್ತಾ, ‘ಈ ವರ್ಷ ಮಳೆ ಕಮ್ಮಿ ಅಪ್ಪ’ ಅಂತಿದ್ಲು. ದಿನಾ ಬೆಳಿಗ್ಗೆ ಆ ಮುಖ ಒರೆಸ್ತಿದ್ದೆ. ಅದೊಂದು ತಂದ್ಕೊಡಮ್ಮ, ಸಾಕು.”

ಗೇಟಿನಲ್ಲಿ ಕಾವಲುಗಾರ ಮಣಿಲಾಲ್ ಕಾಕಾ ಸಿಕ್ಕರು.

“ನಿನ್ನೆ ಹೊರಗಿನವರು ಯಾರಾದರೂ ಬಂದಿದ್ದರಾ?”

“ಯಾರೂ ಇಲ್ಲ, ಮೇಡಂ.”

ಆ ದಿನವೆಲ್ಲ ಹಳೆಯ ಕಳ್ಳರ, ಗುಜರಿಯವರ ವಿಚಾರಣೆಯಲ್ಲೇ ಕಳೆಯಿತು. ಆದರೆ ಆ ಖಾಲಿ ಸ್ಟ್ಯಾಂಡ್ ತೃಪ್ತಿಯವರನ್ನು ಬಿಡಲಿಲ್ಲ. ಷೋಗೆ ಬೇಕಿದ್ದವನು ಸ್ಟ್ಯಾಂಡನ್ನೇಕೆ ಬಿಟ್ಟು ಹೋದ? ಮರುದಿನ ಸಂಜೆ ಅವರು ಮತ್ತೆ ಗೇಟಿಗೆ ಹೋದರು.

“ಕಾಕಾ, ಹೊರಗಿನವರು ಬೇಡ. ಮನೆಯವರೆನ್ನುವಂಥವರು ಯಾರು ಬಂದಿದ್ದರು?”

“ಜಮಾಯಿರಾಜ ಬಂದಿದ್ದರು. ಚೀಲ ಭಾರ ಇತ್ತು. ನಾನೇ ರಿಕ್ಷಾಕ್ಕೆ ಎತ್ತಿಟ್ಟೆ.”

“ಅಳಿಯನಾ? ಆ ಹುಡುಗಿಗೆ ಮದುವೆಯೇ ಆಗಿರಲಿಲ್ಲ!”

“ಗೊತ್ತು, ಮೇಡಂ. ನಿಶ್ಚಯವಾದಾಗಿನಿಂದ ಜಮಾಯಿ ಅಂತಲೇ ಕರೆದೆ. ಹುಡುಗಿ ಹೋದಳು ಅಂತ ಈಗ ಏನೆಂದು ಕರೆಯಲಿ?”

ತಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು ಎಂದು ತೃಪ್ತಿಗೆ ಅಲ್ಲೇ ತಿಳಿಯಿತು. ಆ ತಪ್ಪಿನಲ್ಲಿ ಒಂದಿಡೀ ದಿನ ಹೋಗಿತ್ತು.

ವಿಷಯ ಕೇಳಿ ವೆಂಕಟಾಚಲ ಎಲ್ಲ ಬಿಡಿಸಿ ಹೇಳಿದರು. ಹುಡುಗ ಪ್ರಶಾಂತ್, ಧಾರವಾಡದ ಕಡೆಯವನು, ವಡೋದರಾದಲ್ಲಿ ಕೆಲಸ. ನಿಶ್ಚಿತಾರ್ಥಕ್ಕೆಂದು ಒಂದೇ ಕಲ್ಲುಮರದ ತುಂಡನ್ನು ಸೂರತ್ತಿನಲ್ಲಿ ಅಡ್ಡಕ್ಕೆ ಕೊಯ್ಯಿಸಿ, ಮನೆಗೊಂದು ಹೋಳು ಇಟ್ಟುಕೊಂಡಿದ್ದರು. ಮದುವೆಯಾದ ಮೇಲೆ ಎರಡೂ ಒಂದೇ ಮನೆ ಸೇರಬೇಕಿತ್ತು.

“ಹೋದ ತಿಂಗಳು ಅವನ ಹೋಳು ವಾಪಸ್ ಕೇಳ್ದೆ. ಕಣ್ಮುಂದೆ ಅದಿದ್ರೆ ಬೇರೆ ಹುಡುಗೀನ ಹೇಗೆ ನೋಡ್ತಾನೆ? ಬಿಡುಗಡೆ ಆಗ್ಲಿ ಅಂತ ಕೇಳ್ದೆನಮ್ಮ.”

ಅದೇ ರಾತ್ರಿ ತಂಡ ವಡೋದರಾದ ಮಂಜಲ್‌ಪುರ ತಲುಪಿತು. ಬಾಡಿಗೆ ಫ್ಲ್ಯಾಟಿನಲ್ಲಿ ಇನ್ನೊಂದು ಖಾಲಿ ಸ್ಟ್ಯಾಂಡ್. ಪ್ರಶಾಂತನ ಜೊತೆ ಅಲ್ಲೇ ವಾಸವಿದ್ದ ಆಕಾಶ್ ಹೇಳಿದ: “ಎರಡೂ ಕಲ್ಲನ್ನ ಬೆಡ್‌ಶೀಟಲ್ಲಿ ಸುತ್ಕೊಂಡು ನಿನ್ನೆ ಸೂರತ್‌ಗೆ ಹೋದ, ಮೇಡಂ. ವರಾಛಾದಲ್ಲಿ ಅದನ್ನ ಕೊಯ್ದವರ ಹತ್ರಾನೇ.”

ಹದಿಮೂರರ ಬೆಳಿಗ್ಗೆ ವರಾಛಾದ ಓಣಿಯೊಂದರಲ್ಲಿ, ವಜ್ರದ ಕಾರ್ಖಾನೆಗಳ ನಡುವಿನ ಕಲ್ಲು ಪಾಲಿಶ್ ಅಂಗಡಿಯಲ್ಲಿ ಪ್ರಶಾಂತ್ ಸಿಕ್ಕ. ಮೇಜಿನ ಮೇಲೆ ಕಬ್ಬಿಣದ ಬಿಗಿಪಟ್ಟಿಯಲ್ಲಿ ಒಂದು ಒರಟು ದಿಮ್ಮಿ. ಎರಡು ಹೊಳೆಯುವ ಮುಖಗಳೂ ಒಂದಕ್ಕೊಂದು ಅಂಟಿ ಒಳಗೆ ಸೇರಿದ್ದವು. ನೋಡಿದರೆ ಹೊಲದಲ್ಲಿ ಬಿದ್ದ ಯಾವುದೋ ಕಲ್ಲು.

“ನಿನ್ನೆ ಮಧ್ಯಾಹ್ನ ಅಂಟು ಹಾಕಿದ್ದು. ಈಗ ಬಿಡಿಸಹೋದರೆ ಕಲ್ಲೇ ಒಡೆದೀತು,” ಎಂದ ಅಂಗಡಿಯವ. “ಗರಗಸ ಒಂದಿಷ್ಟು ತಿಂದಿರುತ್ತದೆ, ಉಂಗುರಗಳು ಕೂಡಲಿಕ್ಕಿಲ್ಲ ಅಂತಲೂ ಹೇಳಿದೆ. ಕೇಳಲಿಲ್ಲ.”

ತೃಪ್ತಿ ಕೇಳಿದರು: “ಯಾಕೆ?”

“ಅವ್ರು ನನ್ನ ಅರ್ಧ ವಾಪಸ್ ಕೇಳಿದ್ರಿ, ಮೇಡಂ. ಕೊಟ್ಟಿದ್ರ ಏನೂ ಆಗೇ ಇಲ್ಲ ಅಂದಂಗ ಆಕ್ಕಿತ್ತು. ಇಟ್ಕೊಂಡ್ರ ಇನ್ನೊಂದು ಅರ್ಧ ಅಲ್ಲೇ ಒಂದ ನಿಂತಿರ್ತಿತ್ತು. ಕೂಡಸ್ತೀನಿ ಅಂತ ಆಕಿಗೆ ಮಾತು ಕೊಟ್ಟಿದ್ದೆ.”

ದಸ್ತಗಿರಿಯಾಯಿತು. ಕಲ್ಲು ಜಪ್ತಿಯಾಯಿತು.

ಸಂಜೆ ಠಾಣೆಯಲ್ಲಿ ಗುರುತು ಹಿಡಿಯಲು ಬಂದ ವೆಂಕಟಾಚಲ ಆ ದಿಮ್ಮಿಯನ್ನು ಸುತ್ತಲೂ ತಡವಿದರು. ಎಲ್ಲಿ ಮುಟ್ಟಿದರೂ ತೊಗಟೆ.

“ಮುಖ ಒಳಗೆ ಹೋಯ್ತಲ್ಲಮ್ಮ,” ಎಂದರು ತೃಪ್ತಿಗೆ. ಆಮೇಲೆ ಪ್ರಶಾಂತನ ಕಡೆ ತಿರುಗಿದರು. “ನನ್ನ ಒಂದ್ಮಾತು ಕೇಳಬಾರದಿತ್ತೇನೋ?”

“ಕೇಳಿದ್ರ ಕೊಡ್ತಿದ್ರೇನ್ರಿ, ಮಾವಾರ?”

ಮುದುಕರು ಮತ್ತೊಮ್ಮೆ ದಿಮ್ಮಿಯ ಮೇಲೆ ಕೈಯಾಡಿಸಿದರು. “ಇಲ್ಲ,” ಎಂದರು. ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು ಕೈಮುಗಿದರು. ಅದು ಇನ್ನು ನ್ಯಾಯಾಲಯದ ಕೈಯಲ್ಲಿದೆ ಎಂದು ಹೇಳುವಷ್ಟು ಕನ್ನಡ ತೃಪ್ತಿಗೆ ಆ ಹೊತ್ತಿನಲ್ಲಿ ಒದಗಲಿಲ್ಲ.

ಕಲ್ಲು ಈಗಲೂ ಠಾಣೆಯ ಮಾಲುಕೋಣೆಯಲ್ಲಿದೆ. ಅರ್ಧ ಕಳವಿನ ಮಾಲು, ಅರ್ಧ ಆರೋಪಿಯದೇ ಸ್ವತ್ತು. ಯಾರಿಗೆ ಕೊಡಬೇಕೋ ಇನ್ನೂ ತೀರ್ಮಾನವಾಗಿಲ್ಲ. ಒಳಗೆ ಆ ಉಂಗುರಗಳು ಒಂದಕ್ಕೊಂದು ಕೂಡಿವೆಯೋ ಇಲ್ಲವೋ, ಅದು ಯಾರಿಗೂ ಗೊತ್ತಿಲ್ಲ.