ಸೂಜಿ ದಾಟದ ನಾಡು

ಬಹಳ ಹಿಂದೆ, ಸಮುದ್ರ ಬಂದು ಗೋಡೆಯ ಬುಡ ತೊಳೆಯುತ್ತಿದ್ದ ಅರಿಸಿನಕೋಟೆ ಎಂಬ ರಾಜ್ಯದಲ್ಲಿ ಮೌನೇಶನೆಂಬ ಅಕ್ಕಸಾಲಿಗನಿದ್ದ. ಆ ನಾಡಿನ ಮಕ್ಕಳಿಗೆಲ್ಲ ಕಿವಿ ಚುಚ್ಚುತ್ತಿದ್ದವನು ಅವನೇ. ಅವನು ಸೂಜಿ ಎತ್ತಿದರೆ ಹೆಂಡತಿ ನೀಲವ್ವ ಮಗುವಿನ ಬಾಯಿಗೆ ಬೆಲ್ಲ ಇಡುತ್ತಿದ್ದಳು. ಆಮೇಲೆ ತೂತು ಮುಚ್ಚದಿರಲೆಂದು ಅರಿಸಿನ ಹಚ್ಚಿದ ದಾರವನ್ನು ಅದರಲ್ಲಿ ಉಳಿಸುತ್ತಿದ್ದಳು. ಒಂದು ಅಳು, ಒಂದು ಚೂರು ಬೆಲ್ಲ, ಮನೆ ತುಂಬ ನಗು. ಎಂಥ ದಿನಗಳು ಅವು!

ನೀಲವ್ವ ಜ್ವರದಲ್ಲಿ ತೀರಿಕೊಂಡ ವಾರವೇ ಮಂಜುಗಣ್ಣನೆಂಬ ಮಾಂತ್ರಿಕ ಊರವರ ಬಾಯಿಂದ ‘ಚುಚ್ಚು’ ಎಂಬ ಮಾತನ್ನು ಎಳೆದುಕೊಂಡು ಹಿತ್ತಾಳೆ ಕೊಡದಲ್ಲಿ ಮುಚ್ಚಿಟ್ಟ. ಮಾತಿನ ಹಿಂದೆ ಕೆಲಸವೂ ಹೋಯಿತು. ಮುಳ್ಳು ಕಾಲಿಗೆ ತಾಗಲಿಲ್ಲ, ಜನ ಕುಣಿದರು. ಆಮೇಲೆ ಸೂಜಿ ಬಟ್ಟೆಯನ್ನು ದಾಟಲಿಲ್ಲ, ಮೊಳಕೆ ಮಣ್ಣನ್ನು ದಾಟಲಿಲ್ಲ, ಬಿಸಿಲು ಮಂಜನ್ನು ದಾಟಲಿಲ್ಲ. ಮೌನೇಶ ಹೆಂಡತಿಯ ಓಲೆಗಳನ್ನು ಅಂಗೈಯಲ್ಲಿಟ್ಟು ನೋಡಿದ. ದುಃಖವೂ ಎದೆಗೆ ಇಳಿಯಲಿಲ್ಲ.

ಹೀಗೇ ಒಂದು ವರ್ಷ ಕಳೆಯಿತು. “ಅಪ್ಪಾ, ಅವ್ವನ ಓಲೆ ಯಾವಾಗ ಹಾಕ್ತಿ? ನನಗೇ ಅಂದಿದ್ಲು,” ಎಂದಳು ಐದು ವರ್ಷದ ಮಗಳು ಅಂಬವ್ವ. ಮೌನೇಶ ಅವಳ ಕೈ ಹಿಡಿದು ಬಂದರಿಗೆ ನಡೆದ.

ಬಂದರಿನಲ್ಲಿ ಒಬ್ಬನ ಸೂಜಿ ಮಾತ್ರ ನಡೆಯುತ್ತಿತ್ತು. ಅವನು ಹಾಯಿಪಟ ಹೊಲಿಯುವ ಪರದೇಶದ ಮುದುಕ, ಗಿಲ್ಬರ್ಟ್.

“ಅವನು ಕದ್ದಿದ್ದು ನಿಮ್ಮ ಮಾತು, ನನ್ನದಲ್ಲ,” ಎಂದ ಗಿಲ್ಬರ್ಟ್. “ಇಂಗ್ಲಿಷಿನಲ್ಲಿ ನಾವು ‘ಪಿಯರ್ಸ್’ ಅಂತೀವಿ. ತಗೋ ಆಚಾರಿ.”

“ಕೊಟ್ಟರೆ ನಿನಗೆ ಉಳಿಯುತ್ತಾ?”

ಮುದುಕ ನಕ್ಕ. “ನಮಗೂ ಅದು ಬಂದದ್ದೇ. ನಮಗೆ ಫ್ರೆಂಚರಿಂದ, ಅವರಿಗೆ ಹಳೆಯ ಲ್ಯಾಟಿನ್ನಿಂದ. ಅಲ್ಲಿ ಅದರ ಬೇರಿಗೆ ‘ಬಡಿದು ಆಚೆಗೆ ಹಾಯಿಸು’ ಅಂತ ಅರ್ಥ. ಬರೀ ಬಡಿದರೆ ಆಗಲಿಲ್ಲ ನೋಡು, ಆಚೆಗೆ ಹಾಯಬೇಕು.”

ಮಗಳನ್ನು ಮುದುಕನ ಬಳಿ ಬಿಟ್ಟು, ಸೂಜಿ, ಸುತ್ತಿಗೆ, ನೀಲವ್ವ ಉಳಿಸಿಹೋದ ಅರಿಸಿನದ ದಾರ ಹಿಡಿದು ಮೌನೇಶ ಮಂಜುಗಣ್ಣನ ಕೊಡ ಹುಡುಕಿಕೊಂಡು ಹೊರಟ.

ಮೊದಲು ಕಲ್ಲುಗೋಡೆ ಅಡ್ಡ ಬಂತು. “ಪಿಯರ್ಸ್” ಎಂದು ಬಡಿದ. ತೂತಾಯಿತು, ಸೂಜಿ ತೆಗೆದೊಡನೆ ಮುಚ್ಚಿಕೊಂಡಿತು. ಮತ್ತೆ ಬಡಿದ, ಮತ್ತೆ ಮುಚ್ಚಿತು. ಆಗ ನೀಲವ್ವನ ಕೈ ನೆನಪಾಯಿತು. ಮೂರನೆಯ ಸಲ ದಾರ ಹಾಯಿಸಿ ಅಲ್ಲೇ ಬಿಟ್ಟ. ತೂತು ಬಾಗಿಲಿನಷ್ಟು ಹಿಗ್ಗಿತು.

ಎರಡನೆಯದಾಗಿ ಗುಡ್ಡದಂಥ ಚಿಪ್ಪುಹಂದಿ ದಾರಿಗೆ ಅಡ್ಡ ಮಲಗಿತ್ತು. “ನನ್ನನ್ನು ಇರಿಯೋಕೆ ಬಂದೆಯಾ, ಸೂಜಿರಾಯ?” ಎಂದಿತು.

“ಇಲ್ಲ. ಯಾಕಿಷ್ಟು ಸೊರಗಿದ್ದೀ?”

“ಉಗುರು ಹುತ್ತದೊಳಗೆ ಹೋಗ್ತಿಲ್ಲ. ಇರುವೆ ತಿಂದು ವರ್ಷವಾಯ್ತು ಮಾರಾಯ.”

ಮೌನೇಶ ಹುತ್ತಕ್ಕೆ ಸೂಜಿ ಬಡಿದು ದಾರ ಬಿಟ್ಟ. ಚಿಪ್ಪುಹಂದಿ ಅತ್ತ ಓಡಿತು. ದಾರಿ ತೆರೆಯಿತು.

ಮೂರನೆಯದು ಆ ಕೊಡ. ಮಂಜುಗಣ್ಣ ಅದನ್ನು ಅಪ್ಪಿಕೊಂಡು ಕೂತಿದ್ದ.

“ಎಲವೋ, ನೋವಿಲ್ಲದ ಲೋಕ ಕೊಟ್ಟಿದ್ದೇನೆ. ಮತ್ತೆ ನೋವು ಬೇಕಾ ನಿನಗೆ?”

“ಬೇಕು,” ಎಂದ ಮೌನೇಶ. “ಹೆಂಡತಿ ಸತ್ತು ವರ್ಷವಾಯಿತು. ನಾನಿನ್ನೂ ಅತ್ತಿಲ್ಲ.”

ಮಾಂತ್ರಿಕ ಬಾಯಿ ತೆರೆಯುವಷ್ಟರಲ್ಲಿ ಕೊಡಕ್ಕೆ ಇಟ್ಟ ಸೂಜಿಯ ಮೇಲೆ ಸುತ್ತಿಗೆ ಬಿತ್ತು. ಕೊನೆಯ ಗೇಣು ದಾರ ಕೊಡವನ್ನು ಹಾಯ್ದು ನಿಂತಿತು. ಕದ್ದ ಮಾತು ಜೇನ್ನೊಣದಂತೆ ಹೊರಬಂದು ಊರಿನತ್ತ ಹಾರಿತು. ಒಂದು ವರ್ಷದ ಬಿಸಿಲೆಲ್ಲ ಒಮ್ಮೆಗೇ ಚುಚ್ಚಿ ಮಂಜುಗಣ್ಣ ಮಂಜಿನಂತೆ ಕರಗಿಹೋದ.

ಗದ್ದೆಗಳಲ್ಲಿ ಹಸಿರು ತಲೆ ಎತ್ತಿತು. ಗಿಲ್ಬರ್ಟ್ ದೋಣಿಯಲ್ಲೇ ಕುಣಿದ. ಜನ ಮುಳ್ಳು ತುಳಿದು ಬೈದುಕೊಂಡು ನಕ್ಕರು.

ಮೌನೇಶ ಮಗಳ ಬಾಯಿಗೆ ಬೆಲ್ಲ ಇಟ್ಟು ಕಿವಿ ಚುಚ್ಚಿದ. “ಅಯ್ಯೋ ಅಪ್ಪಾ!” ಎಂದು ಅಂಬವ್ವ ಕಿರುಚಿದಳು. ಆ ಕೂಗಿಗೆ ಅವನ ಎದೆಯೂ ಒಡೆಯಿತು. ಸೂಜಿ ಕೆಳಗಿಟ್ಟು ಮಗುವಿನಂತೆ ಅತ್ತ.

ಅಂಬವ್ವ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ತನ್ನ ಬಾಯಲ್ಲಿದ್ದ ಬೆಲ್ಲದ ಅರ್ಧ ತೆಗೆದು ಅಪ್ಪನ ಬಾಯಿಗಿಟ್ಟಳು.

ತೂತು ಮಾಗಿದ ಮೇಲೆ ಅಂಬವ್ವನ ಕಿವಿಯಲ್ಲಿ ಅವ್ವನ ಓಲೆ ಹೊಳೆದವು. ಆಮೇಲೆ ಆ ಮನೆಯವರೂ ಆ ನಾಡಿನವರೂ ಅಳುವಾಗ ಅತ್ತು, ನಗುವಾಗ ನಕ್ಕು, ಸುಖವಾಗಿ ಬಾಳಿದರು.