ಹಸಿದವರಿದ್ದರೆ ಬನ್ನಿ

ಬೆಟ್ಟಗಳು ಇನ್ನೂ ಎತ್ತರ ಬೆಳೆಯುತ್ತಿದ್ದ ಕಾಲದಲ್ಲಿ ಗಿರಿಪುರವೆಂಬ ರಾಜ್ಯವಿತ್ತು. ಅಲ್ಲಿನ ಮುಗಿಲುಬೆಟ್ಟದ ಚೆಲುವನ್ನು ಏನೆಂದು ಹೇಳಲಿ! ನೋಡಿದವರು ಹತ್ತದೆ ಇರುತ್ತಿರಲಿಲ್ಲ, ಹತ್ತಿದವರು ಇಳಿಯುತ್ತಿರಲಿಲ್ಲ. ತುದಿಯಲ್ಲಿದ್ದ ಕಲ್ಮೊಗನೆಂಬ ಮಾಂತ್ರಿಕ ಅವರನ್ನೆಲ್ಲ ಕಲ್ಲು ಮಾಡಿಬಿಡುತ್ತಿದ್ದ.

ಬೆಟ್ಟದ ಬುಡದಲ್ಲಿದ್ದ ಈರವ್ವನ ತಮ್ಮ ಭರಮನೂ ಹೀಗೇ ಹೋದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಮಹಾ ಹೊಟ್ಟೆಬಾಕ. ಊಟಕ್ಕೆ ಬಾ ಅಂದರೆ ಸಾಕು, ಎಂಥ ನಿದ್ದೆಯಿಂದಲೂ ಎದ್ದು ಕೂರುತ್ತಿದ್ದ. ಈರವ್ವ ಮೂರು ದಿನ ಅತ್ತಳು. ನಾಲ್ಕನೆಯ ದಿನ ಕಂಬಳಿ, ಮಡಕೆ, ಮೂರು ಹಿಡಿ ರಾಗಿಹಿಟ್ಟು ಕಟ್ಟಿಕೊಂಡು ಹೊರಟಳು.

ಆ ಸೀಮೆಯಲ್ಲೊಂದು ಪದ್ಧತಿ. ಬೆಟ್ಟದಲ್ಲಿ ಬಿಡಾರ ಹೂಡಿದವರು ಮೊದಲ ತುತ್ತಿಗೆ ಮುಂಚೆ "ಹಸಿದವರಿದ್ದರೆ ಬನ್ನಿ" ಎಂದು ಮೂರು ಸಲ ಕೂಗಬೇಕು. ಭರಮನೂ ಸೇರಿ ಹೋದವರೆಲ್ಲ ತುದಿ ಮುಟ್ಟುವ ಅವಸರದಲ್ಲಿ ಇದನ್ನು ಮರೆತಿದ್ದರು.

ಮೊದಲ ಸಂಜೆ ಈರವ್ವ ಮರದಡಿ ಕಂಬಳಿ ಕಟ್ಟಿ, ಗಂಜಿ ಕಾಯಿಸಿ, ಮೂರು ಸಲ ಕೂಗಿದಳು. ಕರಡಿ ಬಂತು.

"ನಾನು ಹಸಿದಿದ್ದೇನೆ" ಅಂದಿತು.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆದರೆ ಕರೆದ ಮೇಲೆ ಬೇಡ ಅನ್ನುವುದುಂಟೇ? "ಬಾರಪ್ಪ, ಕೂತ್ಕೋ" ಎಂದು ಅರ್ಧ ಗಂಜಿ ಬಡಿಸಿದಳು. ಬೆಳಗ್ಗೆ ಕರಡಿ ಅವಳನ್ನು ಬೆನ್ನ ಮೇಲೆ ಹೊತ್ತು ಕಡಿದಾದ ಬಂಡೆ ಹತ್ತಿಸಿತು.

ಎರಡನೆಯ ಸಂಜೆ ಮಂಜು ಮುಸುಕಿದ ಹುಲ್ಲುಗಾವಲಿನಲ್ಲಿ ಕೂಗಿದಳು. ಮುದಿ ಹದ್ದೊಂದು ಬಂದು ಉಂಡಿತು. ಬೆಳಗ್ಗೆ ಅದು ರೆಕ್ಕೆ ಬೀಸಿದ್ದೇ ತಡ, ಮಂಜು ಚದುರಿತು. ಕೆಳಗೆ ಏಳು ಊರಿನ ಕೆರೆಗಳು ಫಳಫಳ ಹೊಳೆದವು, ಹೊಳೆ ಬೆಳ್ಳಿ ಉಡಿದಾರದಷ್ಟಾಗಿತ್ತು. "ಇದನ್ನು ನೋಡೋಕೇ ಬಂದೆಯಲ್ಲೋ ಭರಮ" ಎಂದು ಈರವ್ವ ಕಣ್ತುಂಬಿಕೊಂಡಳು. ತಮ್ಮನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಮೂರನೆಯ ಸಂಜೆ ತುದಿ ಮುಟ್ಟಿದಳು. ಅಲ್ಲಿ ನೂರು ಕಲ್ಲು. ಒಂದರ ಮೇಲೆ ಕಲ್ಮೊಗ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ನಿನ್ನ ತಮ್ಮ ಯಾವ ಕಲ್ಲು, ತೋರಿಸು. ತಪ್ಪಿದರೆ ನೀನೂ ಕಲ್ಲು."

ಎಲ್ಲ ಕಲ್ಲೂ ಒಂದೇ ಥರ. ಈರವ್ವ ಗಂಟು ಕೆಳಗಿಳಿಸಿದಳು. "ನಡೆದು ಹಸಿದಿದ್ದೀನಿ. ಒಂದು ತುತ್ತು ಉಂಡು ಹೇಳ್ತೀನಿ" ಅಂದಳು.

"ಉಣ್ಣು, ಉಣ್ಣು. ಆಮೇಲೆ ಹಸಿವೇ ಇರೋದಿಲ್ಲ" ಎಂದು ಅವನು ನಕ್ಕ.

ಉಳಿದಿದ್ದ ಒಂದು ಹಿಡಿ ಹಿಟ್ಟಿನ ಗಂಜಿ ಇಳಿಸಿ ಅವಳು ಕೂಗಿದಳು. ಕಲ್ಲುಗಳು ನಡುಗಿದವು. ಎರಡನೆಯ ಸಲ ಕೂಗಿದಳು. ಕಲ್ಲುಗಳು ಬಿರುಕುಬಿಟ್ಟವು. ಮೂರನೆಯ ಸಲ, "ಹಸಿದವರಿದ್ದರೆ ಬನ್ನಿ" ಅಂದದ್ದೇ, ಕಲ್ಮೊಗ ಕೂತಿದ್ದ ಕಲ್ಲೇ ಎಲ್ಲಕ್ಕಿಂತ ಮೊದಲು ಧಡಕ್ಕನೆ ಎದ್ದು ನಿಂತಿತು. ಮಾಂತ್ರಿಕ ಹಿಂದಕ್ಕೆ ಮಗುಚಿ ಕಣಿವೆಗೆ ಬಿದ್ದ. ಅವನ ಮಂತ್ರವೂ ಅಲ್ಲಿಗೇ ಮುಗಿಯಿತು.

"ಅಕ್ಕ, ಗಂಜಿಗೆ ಉಪ್ಪು ಹಾಕಿದ್ದೀಯಾ?" ಅಂದ ಭರಮ.

ಈರವ್ವ ಅವನ ಬೆನ್ನಿಗೊಂದು ಗುದ್ದಿ, ತಬ್ಬಿಕೊಂಡು ಅತ್ತಳು. ಉಳಿದ ಕಲ್ಲುಗಳೂ ಎದ್ದು ಮನುಷ್ಯರಾದವು. ಕರಡಿ ಜೇನು ತಂದಿತು, ಹದ್ದು ಹಣ್ಣು ತಂದಿತು. ರಾಜಕುಮಾರರೂ ಕುರಿ ಕಾಯುವವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಬೆಳಗ್ಗೆ ಎಲ್ಲರೂ ಕೆಳಗಿಳಿದು, ಅವರವರ ಮನೆ ಸೇರಿ ಸುಖವಾಗಿ ಬಾಳಿದರು.

ಮುಗಿಲುಬೆಟ್ಟ ಹತ್ತುವವರು ಆಮೇಲೆ ಯಾರೂ ಕೂಗುವುದನ್ನು ಮರೆಯಲಿಲ್ಲ. ಭರಮನಂತೂ ಅಕ್ಕ ಕೂಗುವ ಮೊದಲೇ ಬಂದು ಕೂತಿರುತ್ತಿದ್ದ.